ಕತ್ತಿ ಕೆಂಪಾದರೆ ದ್ರಾವಣದ್ದೇ ತಪ್ಪಾ? ಪರ್ಲ್ ಕಂಪೈಲ್ ಮಾಡುವಾಗ ಟೆಸ್ಟ್ ಸೋತರೆ

ಶಿರಸಿ ಕಡೆ ಅಡಿಕೆ ತೋಟ ಇದ್ದವರಿಗೆಲ್ಲ ಈ ಪರೀಕ್ಷೆ ಗೊತ್ತು. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಲಸಿದ ಮೇಲೆ ಹದ ಸರಿಯಿದೆಯಾ ಅಂತ ನೋಡಲು ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕಬ್ಬಿಣದ ಮೇಲೆ ಕೆಂಪು ಕೂತರೆ ತುತ್ತದ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಅಂತ ಅರ್ಥ. ಇನ್ನಷ್ಟು ಸುಣ್ಣ ಬೇಕು.

ಒಂದು ಮಳೆಗಾಲ ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ಹಾಗೇ ಕತ್ತಿ ಅದ್ದಿ ತೆಗೆದ. ಕೆಂಪು. ಸುಣ್ಣ ಹಾಕಿದ. ಮತ್ತೆ ಅದ್ದಿದ, ಮತ್ತೆ ಕೆಂಪು. ಮೂರನೇ ಸಲ ಸುಣ್ಣಕ್ಕೆ ಕೈ ಹಾಕುವಾಗ ಔಷಧಿ ಹೊಡೆಯಲು ಬಂದವರು ಕತ್ತಿ ಇಸಕೊಂಡು ನೋಡಿ ನಕ್ಕರು. ಅದು ತುಕ್ಕು.

ಅದೇ ವಾರ ನಾನು ಅಣ್ಣನ ಪ್ರೆಸ್ಸಿನ ಕಂಪ್ಯೂಟರ್ ಮುಂದೆ ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಕಂಪೈಲ್ ಮಾಡುತ್ತಾ, ಅಂದರೆ ಮೂಲ ಕೋಡಿನಿಂದ ಕಟ್ಟುತ್ತಾ ಕೂತಿದ್ದೆ. ಕಟ್ಟಿದ್ದು ಸರಿಯಿದೆಯಾ ಅಂತ ನೋಡುವ ಟೆಸ್ಟ್‌ಗಳು ಸೋಲುತ್ತಿದ್ದವು. ನಾನೂ ಸುಮ್ನೆ ಸುಣ್ಣ ಹಾಕುತ್ತಲೇ ಇದ್ದೆ.

ಪ್ರೆಸ್ ಅಂದರೆ ದೇವಿಕೆರೆ ಹತ್ತಿರ ಒಂದು ಸಣ್ಣ ಮಳಿಗೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ. ಹಳೆಯ ನುಡಿ ಅಕ್ಷರದ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸುವ ಒಂದು ಪರ್ಲ್ ಸ್ಕ್ರಿಪ್ಟ್ ಅಲ್ಲಿ ಎಷ್ಟೋ ವರ್ಷಗಳಿಂದ ಓಡುತ್ತಿತ್ತು. ಹಳೇ ಯಂತ್ರ ಸತ್ತಿತು. ಬೇರೊಂದು ಡೆಸ್ಕ್‌ಟಾಪ್‌ಗೆ ನಾನು ಸ್ಲ್ಯಾಕ್‌ವೇರ್ 15.0 ಅನ್ನುವ ಲಿನಕ್ಸ್ ಹಾಕಿಕೊಟ್ಟೆ. ಅದರ ಜೊತೆ ಬರುವ ಪರ್ಲ್ 5.34ರಲ್ಲಿ ಸ್ಕ್ರಿಪ್ಟ್ ಓಡಲೇ ಇಲ್ಲ. ರೆಜೆಕ್ಸ್, ಅಂದರೆ ಪಠ್ಯದಲ್ಲಿ ಹುಡುಕಲು ಕೊಡುವ ಮಾದರಿಯ ಒಳಗೆ ಹಿಂದೆ ಬ್ಯಾಕ್‌ಸ್ಲ್ಯಾಶ್ ಇಲ್ಲದೆ ಹಾಗೇ ಬಿಟ್ಟ ಹೂ ಆವರಣ '{' ಇದ್ದರೆ 5.26ರಿಂದ ಪರ್ಲ್ ಅದನ್ನು ತಪ್ಪು ಅಂತ ನಿಲ್ಲಿಸಿಬಿಡುತ್ತದೆ. ಅದಕ್ಕಿಂತ ಹಿಂದಿನ 5.24ರಲ್ಲಿ ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು. ಸರಿ, 5.24 ಅನ್ನೇ ಕಂಪೈಲ್ ಮಾಡಿ ಪಕ್ಕದಲ್ಲಿ ಇಟ್ಟರಾಯಿತು ಅಂದುಕೊಂಡೆ. ಸ್ಕ್ರಿಪ್ಟಿನ ಆ ಸಾಲುಗಳನ್ನು ತಿದ್ದಿದ್ದರೆ ಅರ್ಧ ಗಂಟೆಯ ಕೆಲಸ. ಆಗ ಅದು ಹೊಳೆಯಲಿಲ್ಲ ಬಿಡಿ.

ಯುನಿಕ್ಸ್ ತರದ ಯಂತ್ರದಲ್ಲಿ ಪರ್ಲ್ ಕಟ್ಟುವುದು ನಾಲ್ಕು ಹೆಜ್ಜೆಯ ಕೆಲಸ. ಮೊದಲು 'ಕಾನ್ಫಿಗರ್' ನಿಮ್ಮ ಯಂತ್ರವನ್ನು ತಡವಿ ನೋಡುತ್ತದೆ. ಯಾವ ಕಂಪೈಲರ್, ಯಾವ ಲೈಬ್ರರಿ, ಪೂರ್ಣಾಂಕ ಎಷ್ಟು ಅಗಲ, ಹೀಗೆ. ಆಮೇಲೆ 'ಮೇಕ್' ಕಟ್ಟುತ್ತದೆ. 'ಮೇಕ್ ಟೆಸ್ಟ್' ಕಟ್ಟಿದ್ದನ್ನು ಪರೀಕ್ಷಿಸುತ್ತದೆ. 'ಮೇಕ್ ಇನ್‌ಸ್ಟಾಲ್' ಜಾಗಕ್ಕೆ ಕೂರಿಸುತ್ತದೆ. ಮೂರನೇ ಹೆಜ್ಜೆ ಸೋತರೂ ನಾಲ್ಕನೆಯದು ನಿಮ್ಮನ್ನು ತಡೆಯುವುದಿಲ್ಲ. ಅಂದರೆ ತೀರ್ಪು ಕೊಡಬೇಕಾದವರು ನೀವೇ.

ಟೆಸ್ಟ್ ಅಂದರೂ ಇನ್ನೊಂದು ಪ್ರೋಗ್ರಾಮ್ ಅಷ್ಟೇ. ಯಾರೋ ಒಬ್ಬರು ಒಂದು ದಿನ ತಮ್ಮ ಯಂತ್ರದ ಮುಂದೆ ಕೂತು, 'ಹೀಗೆ ಮಾಡಿದರೆ ಹೀಗೆ ಬರಬೇಕು' ಅಂತ ಬರೆದದ್ದು. ಅವರ ಅಂದಾಜು ಸುಳ್ಳಾದರೂ ಟೆಸ್ಟ್ ಸೋಲುತ್ತದೆ. ನಿಮ್ಮ ಯಂತ್ರದ ಪರಿಸರ ಬೇರೆಯಾಗಿದ್ದರೂ ಸೋಲುತ್ತದೆ. ಕಂಪೈಲ್ ಆಗಿದ್ದೇ ಕೆಟ್ಟದಾಗಿ ಆಗಿದ್ದರೂ ಸೋಲುತ್ತದೆ. ಪರ್ಲ್‌ನಲ್ಲೇ ದೋಷ ಇರುವುದೂ ಉಂಟು, ಆದರೆ ಬಿಡುಗಡೆಯಾದ ಆವೃತ್ತಿಯಲ್ಲಿ ಅದು ನಾಲ್ಕನೆಯ ಅನುಮಾನ ಆಗಿರಲಿ, ಮೊದಲನೆಯದಲ್ಲ. ಎಲ್ಲಕ್ಕೂ ಪರದೆಯ ಮೇಲೆ ಬರುವ ಮಾತು ಒಂದೇ: ಫೇಲ್. ತುಕ್ಕೂ ಕೆಂಪು, ತಾಮ್ರವೂ ಕೆಂಪು.

ಪರ್ಲ್ ಟೆಸ್ಟ್ ಮಾತಾಡುವ ಭಾಷೆ ತುಂಬಾ ಸರಳ. 1987ರಲ್ಲಿ ಲ್ಯಾರಿ ವಾಲ್ ಮೊದಲ ಪರ್ಲ್ ಹೊರತಂದಾಗಿನಿಂದ ಇದೇ ಪದ್ಧತಿ. ಮೊದಲ ಸಾಲಿನಲ್ಲಿ 'ಒಂದರಿಂದ ಇಪ್ಪತ್ತರವರೆಗೆ' ಅಂತ ಲೆಕ್ಕ ಹೇಳುತ್ತದೆ. ಆಮೇಲೆ ಒಂದೊಂದಕ್ಕೂ 'ಓಕೆ 1', 'ಓಕೆ 2', 'ನಾಟ್ ಓಕೆ 3'. ಮುಂದೆ ಇದಕ್ಕೆ ಟ್ಯಾಪ್ ಅಂತ ಹೆಸರಾಯಿತು, ಬೇರೆ ಭಾಷೆಗಳೂ ತೆಗೆದುಕೊಂಡವು. ಆದರೆ 'ಮೇಕ್ ಟೆಸ್ಟ್' ಕೊಟ್ಟಾಗ ಈ ಸಾಲುಗಳು ನಿಮಗೆ ಕಾಣುವುದಿಲ್ಲ. 2000ಕ್ಕೂ ಜಾಸ್ತಿ ಟೆಸ್ಟ್ ಫೈಲುಗಳಿವೆ, ಎಲ್ಲ ತೋರಿಸಿದರೆ ಯಾರು ಓದುತ್ತಾರೆ? ಫೈಲಿಗೆ ಒಂದು ಸಾಲು, ಕೊನೆಯಲ್ಲಿ ಸೋತವುಗಳ ಪಟ್ಟಿ.

ಕ್ರಮಕ್ಕೂ ಅರ್ಥ ಇದೆ. ಮೊದಲು ಓಡುವುದು 'ಬೇಸ್' ಅನ್ನುವ ಫೋಲ್ಡರಿನ ಟೆಸ್ಟ್‌ಗಳು. ತೀರಾ ಮೂಲದವು, ವೇರಿಯೇಬಲ್‌ಗೆ ಬೆಲೆ ಹಾಕುವುದು, ಇಫ್ ಸರಿಯಾಗಿ ಕೆಲಸ ಮಾಡುವುದು, ಇಂಥವು. ಅಲ್ಲೇ ಸೋತರೆ 'ಮುಂದೆ ಹೋಗಲಾರೆ' ಅಂತ ನಿಂತುಬಿಡುತ್ತದೆ. ಅಲ್ಲಿ ಸೋತರೆ ಟೆಸ್ಟನ್ನು ಅನುಮಾನಿಸಬೇಡಿ, ಕಟ್ಟಿದ್ದೇ ಕೆಟ್ಟಿದೆ. ಪಟ್ಟಿಯ ಕೊನೆಯಲ್ಲಿ ಯಾವುದೋ ಮಾಡ್ಯೂಲಿನ ಒಂದು ಫೈಲ್ ಸೋತರೆ ಆ ಗಾಬರಿ ಬೇಡ.

ನನ್ನ ಪಟ್ಟಿಯಲ್ಲಿ ಮೊದಲ ರಾತ್ರಿ ಎರಡು ಹೆಸರಿದ್ದವು. ಒಂದು ಟೈಮ್ ಹೈರೆಸ್ ಮಾಡ್ಯೂಲಿನದು. ಇನ್ನೊಂದು ಅರ್ಧದಲ್ಲೇ ಸತ್ತದ್ದು.

ಎರಡೂ ಬೇರೆ ಜಾತಿಯ ಸೋಲು ಅಂತ ಹೇಗೆ ಗೊತ್ತಾಯಿತು ಅಂದರೆ, ಟೆಸ್ಟ್‌ಗಳನ್ನು 'ಹಾರ್ನೆಸ್' ಅನ್ನುವ ಸ್ಕ್ರಿಪ್ಟ್ ಮೂಲಕ ಓಡಿಸಿದರೆ ಸೋತ ಫೈಲಿನ ಹೆಸರಿನ ಪಕ್ಕದಲ್ಲಿ 'ಡಬ್ಲ್ಯುಸ್ಟ್ಯಾಟ್' ಅಂತ ಒಂದು ಸಂಖ್ಯೆ ಇರುತ್ತದೆ. ಹೆಚ್ಚಿನವರು ಅದರ ಕಡೆ ನೋಡುವುದೇ ಇಲ್ಲ. ಪ್ರೋಗ್ರಾಮ್ ಮುಗಿದಾಗ ಯುನಿಕ್ಸ್ ಕರ್ನಲ್ ಕೊಡುವ ಮರಣಪತ್ರ ಅದು. ಸಂಖ್ಯೆ 256 ಅಥವಾ ಅದರ ಗುಣಕ ಆಗಿದ್ದರೆ ಪ್ರೋಗ್ರಾಮ್ ತಾನಾಗಿಯೇ ಮುಗಿದಿದೆ, 256ರಿಂದ ಭಾಗಿಸಿದರೆ ಅದು ಹೇಳಿದ ಕೋಡ್ ಸಿಗುತ್ತದೆ. ಟೆಸ್ಟ್ ಬರೆಯಲೆಂದೇ ಇರುವ ಟೆಸ್ಟ್ ಮೋರ್ ಮಾಡ್ಯೂಲ್ ಬಳಸಿ ಬರೆದ ಟೆಸ್ಟ್ ಆಗಿದ್ದರೆ ಆ ಕೋಡೇ ಸೋತವುಗಳ ಎಣಿಕೆ. 512 ಅಂದರೆ ಎರಡು ಸೋತಿವೆ. 65280 ಅಂದರೆ 255, ಅಂದರೆ ಟೆಸ್ಟ್ ನಡುವೆ ಏನೋ ಎಡವಿ ಕೈಚೆಲ್ಲಿದೆ. ಸಂಖ್ಯೆ ಸಣ್ಣದಿದ್ದರೆ ಕತೆ ಬೇರೆ. 9 ಅಂದರೆ ಹೊರಗಿನಿಂದ ಯಾರೋ ಕೊಂದಿದ್ದಾರೆ. ಬಹಳ ಸಲ ಮೆಮೊರಿ ಸಾಲದೆ ಕರ್ನಲ್ಲೇ ಕೊಂದಿರುತ್ತದೆ, ಕರ್ನಲ್ ಹೇಳಿದ್ದನ್ನು ತೋರಿಸುವ 'ಡಿಮೆಸೆಜ್' ಕೊಟ್ಟು ನೋಡಿದರೆ ಬರೆದಿರುತ್ತದೆ. 11 ಅಂದರೆ ತನ್ನದಲ್ಲದ ಮೆಮೊರಿಗೆ ಕೈ ಹಾಕಿ ಸತ್ತಿದೆ, ಸೆಗ್‌ಫಾಲ್ಟ್. ಅದರ ಜೊತೆ ಕೋರ್ ಫೈಲ್, ಅಂದರೆ ಸಾಯುವಾಗಿನ ಮೆಮೊರಿಯ ನಕಲು ಬರೆದಿದ್ದರೆ 128 ಸೇರಿ 139 ಆಗುತ್ತದೆ.

ನನ್ನ ಮೊದಲ ಫೈಲಿನದು 256. ಎರಡನೆಯದು 139.

ಮೊದಲನೆಯದರ ಕತೆ ಬೇಗ ಮುಗಿಯಿತು. ಟೈಮ್ ಹೈರೆಸ್ ಅಂದರೆ ಸೆಕೆಂಡಿನ ಚೂರುಗಳನ್ನು ಅಳೆಯುವ ಮಾಡ್ಯೂಲ್. 'ಇಷ್ಟು ಹೊತ್ತು ಮಲಗು' ಅಂತ ಹೇಳಿ, ಎದ್ದ ಮೇಲೆ ಎಷ್ಟು ಹೊತ್ತಾಯಿತು ಅಂತ ನೋಡುತ್ತದೆ. ನಾನು ಆತುರಕ್ಕೆ ಎರಡು ಕೋರಿನ ಯಂತ್ರದಲ್ಲಿ ಒಂದೇ ಸಲ ಎಂಟು ಟೆಸ್ಟ್ ಓಡಲು ಬಿಟ್ಟಿದ್ದೆ. ಎಂಟು ಜನ ಎರಡು ಚಾಪೆಯಲ್ಲಿ ಮಲಗಿದರೆ ಯಾರು ಹೇಳಿದ ಹೊತ್ತಿಗೆ ಏಳುತ್ತಾರೆ? ಅದೊಂದೇ ಫೈಲನ್ನು ಬೇರೆಯಾಗಿ ಓಡಿಸಿದೆ, ಪಾಸಾಯಿತು. ಪರ್ಲ್ ಮೂಲದ ಜೊತೆ 'ಇನ್‌ಸ್ಟಾಲ್' ಅನ್ನುವ ಒಂದು ಕಡತ ಬರುತ್ತದೆ. ಯಂತ್ರಕ್ಕೆ ಕೆಲಸ ಜಾಸ್ತಿಯಿದ್ದರೆ ಹೊತ್ತು ನೋಡುವ ಟೆಸ್ಟ್‌ಗಳು ಸೋಲಬಹುದು ಅಂತ ಅದರಲ್ಲಿ ಮೊದಲೇ ಬರೆದಿಟ್ಟಿದ್ದಾರೆ. ಉದ್ದದ ಕಡತ, ಆದರೆ 'ಮೇಕ್ ಟೆಸ್ಟ್' ಭಾಗ ಓದಿ. ನಾನು ಸೋತ ಮೇಲೆ ಓದಿದೆ.

ಸೋತ ಫೈಲನ್ನು ಒಂಟಿಯಾಗಿ ಓಡಿಸುವುದೇ ಇಡೀ ಕೆಲಸದಲ್ಲಿ ಅರ್ಧ. ಮೂಲದ ಒಳಗಿನ 'ಟಿ' ಫೋಲ್ಡರಿಗೆ ಹೋಗಿ, ಅಲ್ಲಿರುವ ಪರ್ಲ್‌ಗೆ 'ಹಾರ್ನೆಸ್' ಸ್ಕ್ರಿಪ್ಟ್ ಕೊಟ್ಟು, ಮೈನಸ್ ವಿ ಹಾಕಿ, ಫೈಲಿನ ದಾರಿ ಹೇಳಿದರೆ ಆಯಿತು. ಈಗ ಒಂದೊಂದು 'ಓಕೆ', 'ನಾಟ್ ಓಕೆ' ಕಾಣುತ್ತದೆ. ಸೋತ ಸಾಲಿನ ಕೆಳಗೆ 'ಸಿಕ್ಕಿದ್ದು ಇದು, ಬೇಕಿದ್ದದ್ದು ಇದು' ಅಂತ ಎರಡು ಸಾಲು ಇರುತ್ತದೆ. ಉತ್ತರ ಬಹುತೇಕ ಆ ಎರಡು ಸಾಲಿನಲ್ಲೇ ಇರುತ್ತದೆ. ಆ ಎರಡು ಸಾಲು ಬಿಟ್ಟು ಬರೀ 'ಟೆಸ್ಟ್ ಫೇಲ್ ಆಗ್ತಿದೆ' ಅಂತ ಯಾರನ್ನಾದರೂ ಕೇಳಿದರೆ ಅವರಾದರೂ ಏನು ಹೇಳಿಯಾರು?

139ರ ಕೆಲಸ ಬೆಳಿಗ್ಗೆಗೆ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದು ಮತ್ತೊಮ್ಮೆ ಎಲ್ಲ ಓಡಿಸಿದರೆ ಹೊಸದೊಂದು ಸೋಲು. ದಿನಾಂಕವನ್ನು ಸೆಕೆಂಡಿನ ಲೆಕ್ಕಕ್ಕೆ ತಿರುಗಿಸುವ ಟೈಮ್ ಲೋಕಲ್ ಮಾಡ್ಯೂಲಿನದು. ರಾತ್ರಿ ಪಾಸಾಗಿತ್ತು! ನಾನು ಏನೂ ಮುಟ್ಟಿರಲಿಲ್ಲ. "ಎಂತಾತೋ ತಮಾ?" ಅಂತ ಅಣ್ಣ ಚಾ ಲೋಟ ಹಿಡಿದು ಬಂದ. ಪರದೆಯ ಮೇಲೆ ಕೆಂಪು ಅಕ್ಷರ ನೋಡಿ ಅವನೇ ನಕ್ಕ. ಕತ್ತಿ ನೆನಪಾಗಿರಬೇಕು.

ಒಂಟಿಯಾಗಿ ಓಡಿಸಿ ಆ ಎರಡು ಸಾಲು ನೋಡಿದೆ. 1970 ಬರಬೇಕಾದ ಕಡೆ 2070ರ ಲೆಕ್ಕ ಬಂದಿತ್ತು. ಸರಿಯಾಗಿ ನೂರು ವರ್ಷ ಆಚೆ.

ಟೈಮ್ ಲೋಕಲ್‌ಗೆ ಎರಡೇ ಅಂಕಿಯ ವರ್ಷ ಕೊಟ್ಟರೆ ಅದು ಶತಮಾನವನ್ನು ಊಹಿಸುತ್ತದೆ. ಇವತ್ತಿನ ವರ್ಷದಿಂದ ಹಿಂದೆ ಮುಂದೆ 50 ವರ್ಷದ ಒಳಗೆ ಯಾವುದು ಬೀಳುತ್ತದೋ ಅದು. 2019ರಲ್ಲಿ '70' ಅಂದರೆ 49 ವರ್ಷ ಹಿಂದಿನ 1970. 2020ರಲ್ಲಿ 1970ಕ್ಕೂ 2070ಕ್ಕೂ ಸರಿಸಮ ದೂರ, ಅಲ್ಲಿಂದ ಅದು 2070ರ ಕಡೆ ವಾಲಿತು. ಮಾಡ್ಯೂಲಿನಲ್ಲಿ ತಪ್ಪಿಲ್ಲ, ಅದರ ಕೈಪಿಡಿಯಲ್ಲೇ ಹೀಗಂತ ಬರೆದಿದೆ. ತಪ್ಪು ಟೆಸ್ಟಿನದು. ಟೆಸ್ಟ್ ಬರೆದವರು 1970ರಿಂದ 1900 ಕಳೆದು '70' ಅಂತ ಕೊಟ್ಟು, 1970 ವಾಪಸ್ ಬರಲಿ ಅಂತ ಕಾದರು. 2020 ಬರುವ ತನಕ ಅದು ಸರಿಯಾಗಿಯೇ ಇತ್ತು. 2020ರ ಜನವರಿ 1ರಿಂದ ಹಳೆಯ ಪರ್ಲ್ ಕಂಪೈಲ್ ಮಾಡಿದವರಿಗೆಲ್ಲ ಈ ಟೆಸ್ಟ್ ಸೋತಿದೆ. ಹೊಸ ಆವೃತ್ತಿಗಳಲ್ಲಿ ಟೆಸ್ಟನ್ನು ತಿದ್ದಿದ್ದಾರೆ.

ಹಾಗಾದರೆ ರಾತ್ರಿ ಯಾಕೆ ಪಾಸಾಯಿತು? ಸಂಜೆ 'ಮೇಕ್' ಮುಗಿದ ಮೇಲೆ ಕರೆಂಟು ಹೋಗಿತ್ತು. ಶಿರಸಿಯ ಆಷಾಢದ ಮಳೆಯಲ್ಲಿ ಅದೇನು ಸುದ್ದಿಯಲ್ಲ. ಬಂದ ಮೇಲೆ ಯಂತ್ರ ಶುರು ಮಾಡಿ ಟೆಸ್ಟ್ ಕೊಟ್ಟೆ. ಮದರ್‌ಬೋರ್ಡಿನ ನಾಣ್ಯದ ಬ್ಯಾಟರಿ ಸತ್ತಿದ್ದರಿಂದ ಗಡಿಯಾರ 2012ಕ್ಕೆ ಹೋಗಿ ಕೂತಿತ್ತು. ಇಂಟರ್‌ನೆಟ್ಟೂ ಇರಲಿಲ್ಲ, ಸರಿಯಾದ ಹೊತ್ತು ಹೇಳುವವರು ಯಾರೂ ಇಲ್ಲ. 2012ರಲ್ಲಿ ಆ ಟೆಸ್ಟ್ ಪಾಸಾಗಲೇಬೇಕು, ಆಯಿತು. ಬೆಳಿಗ್ಗೆ ನೆಟ್ ಬಂತು, ಗಡಿಯಾರ ಸರಿಯಾಯಿತು, ಟೆಸ್ಟ್ ಸೋತಿತು. ತಮಾಷೆ ಅಂದರೆ 'ಮೇಕ್' ರಾತ್ರಿಯೇ ಹೇಳಿತ್ತು. ಫೈಲುಗಳ ಹೊತ್ತು ಭವಿಷ್ಯದಲ್ಲಿದೆ, 'ಕ್ಲಾಕ್ ಸ್ಕ್ಯೂ' ಕಂಡಿದೆ, ಬಿಲ್ಡ್ ಅಪೂರ್ಣ ಇರಬಹುದು ಅಂತ. ಎಚ್ಚರಿಕೆ ಅಲ್ವಾ, ಎರರ್ ಅಲ್ವಲ್ಲ, ಅಂತ ಬಿಟ್ಟಿದ್ದೆ. 'ಮೇಕ್' ಯಾವ ಫೈಲ್ ಹಳೆಯದು, ಯಾವುದು ಹೊಸದು ಅಂತ ತೀರ್ಮಾನಿಸುವುದೇ ಹೊತ್ತಿನ ಮೇಲೆ. ಅದರ ಗಡಿಯಾರ ಕೆಟ್ಟರೆ ಮತ್ತೆ ಕಟ್ಟಬೇಕಾದ್ದನ್ನು ಕಟ್ಟದೆ ಬಿಟ್ಟೀತು, ಬೇಡದ್ದನ್ನು ಹತ್ತು ಸಲ ಕಟ್ಟೀತು. ಮಳೆಗಾಲದಲ್ಲಿ ಕಂಪೈಲ್ ಮಾಡುವವರು ಮೊದಲು 'ಡೇಟ್' ಕೊಟ್ಟು ನೋಡಿ. ಗಡಿಯಾರದ ಬ್ಯಾಟರಿಯೇ ಇಲ್ಲದ ರಾಸ್ಪ್‌ಬೆರಿ ಪೈ 4 ತರದ ಸಣ್ಣ ಬೋರ್ಡುಗಳಲ್ಲಿ ಇನ್ನೂ ಜಾಸ್ತಿ ಹುಷಾರು ಬೇಕು.

ಇಂಥ ಅನುಮಾನ ಬಂದರೆ ಯಂತ್ರದ ಗಡಿಯಾರ ತಿರುಗಿಸಬೇಕಿಲ್ಲ. 'ಫೇಕ್‌ಟೈಮ್' ಅನ್ನುವ ಸಣ್ಣ ಉಪಕರಣ ಇದೆ. ಒಂದೇ ಪ್ರೋಗ್ರಾಮಿಗೆ ಸುಳ್ಳು ದಿನಾಂಕ ಹೇಳುತ್ತದೆ. 2019ರ ಒಂದು ದಿನ ಕೊಟ್ಟು ಓಡಿಸಿದರೆ ಪಾಸ್, 2020ರದ್ದು ಕೊಟ್ಟರೆ ಫೇಲ್. ಇನ್ನೇನು ಸಾಕ್ಷಿ ಬೇಕು?

ಈಗ 139. ಇದು ಒಂಟಿಯಾಗಿ ಓಡಿಸಿದರೂ ಸತ್ತಿತು. ಗಡಿಯಾರ ಸರಿಯಾದ ಮೇಲೂ ಸತ್ತಿತು. ಹತ್ತು ಸಲ ಓಡಿಸಿದರೆ ಹತ್ತು ಸಲವೂ ಅದೇ ಜಾಗದಲ್ಲಿ. ಇದು ಒಳ್ಳೆಯ ಸುದ್ದಿ. ಒಮ್ಮೆ ಸತ್ತು ಒಮ್ಮೆ ಬದುಕುವ ಟೆಸ್ಟೇ ನಿಜವಾದ ತಲೆನೋವು. 2013ರ 5.18ರಿಂದ ಪರ್ಲ್‌ನಲ್ಲಿ ಹ್ಯಾಶ್‌ನ (ಕೀಲಿ-ಬೆಲೆ ಜೋಡಿಗಳ ಪಟ್ಟಿಯ) ಕೀಲಿಗಳು ಪ್ರತಿ ಸಲ ಬೇರೆ ಬೇರೆ ಕ್ರಮದಲ್ಲಿ ಬರುತ್ತವೆ. ಆ ಕ್ರಮವನ್ನು ನಂಬಿ ಬರೆದ ಹಳೆಯ ಮಾಡ್ಯೂಲ್ ಟೆಸ್ಟ್‌ಗಳು ಹಾಗೇ ಕಣ್ಣುಮುಚ್ಚಾಲೆ ಆಡುತ್ತವೆ. ಹ್ಯಾಶ್ ಸೀಡ್ ವೇರಿಯೇಬಲ್ ಅನ್ನು ಸೊನ್ನೆಗೆ ಕಟ್ಟಿ ಓಡಿಸಿದರೆ ಬಣ್ಣ ಬಯಲಾಗುತ್ತದೆ. ನನ್ನದು ಆ ಜಾತಿಯಲ್ಲ.

ಕಂಪೈಲರಿನ ಮೇಲೆ ಅನುಮಾನ ಬಂದಾಗ ಮಾಡುವ ಮೊದಲ ಪ್ರಯೋಗ, ಆಪ್ಟಿಮೈಸೇಶನ್, ಅಂದರೆ ಕೋಡನ್ನು ಚುರುಕು ಮಾಡುವ ಕೆಲಸ, ತೆಗೆದು ಮತ್ತೆ ಕಟ್ಟುವುದು. ಕಾನ್ಫಿಗರ್‌ಗೆ ಮೈನಸ್ ಓ ಸೊನ್ನೆ ಅಂತ ಹೇಳಿದೆ. ಅರ್ಧ ಗಂಟೆ ಕಾದೆ. ಟೆಸ್ಟ್ ಪಾಸ್. ಮೂಲ ಕೋಡ್ ಅದೇ, ಟೆಸ್ಟ್ ಅದೇ, ಗಡಿಯಾರ ಅದೇ. ಬದಲಾದದ್ದು ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಮಾತ್ರ ಹೀಗೆ ಬೆರಳು ತೋರಿಸಲು ಆಗುವುದು.

ಆಮೇಲೆ 'ಕಾನ್ಫಿಗ್' ಫೈಲು ತೆರೆದೆ. ಕಾನ್ಫಿಗರ್ ಕಂಡುಕೊಂಡದ್ದೆಲ್ಲ ಅಲ್ಲಿ ಬರೆದಿರುತ್ತದೆ. ಕಂಪೈಲರ್ ಆಯ್ಕೆಗಳ ಸಾಲಿನಲ್ಲಿ 'ಪಿಸಿಸಿ ಸ್ಟ್ರಕ್ಟ್ ರಿಟರ್ನ್' ಅಂತ ಒಂದು ಆಯ್ಕೆ. ಇದೆಲ್ಲಿಂದ ಬಂತು? ತೀರಾ ಪುರಾತನ ಆಯ್ಕೆ ಅದು. ಫಂಕ್ಷನ್ ಒಂದು ಸಣ್ಣ ಸ್ಟ್ರಕ್ಟ್ (ಕೆಲವು ಬೆಲೆಗಳ ಗಂಟು) ವಾಪಸ್ ಕೊಡುವಾಗ ಪ್ರೊಸೆಸರಿನ ರಿಜಿಸ್ಟರಿನಲ್ಲಿ ಕೊಡದೆ ಮೆಮೊರಿಯಲ್ಲಿ ಇಡು ಅಂತ ಹೇಳುತ್ತದೆ. ಯಂತ್ರದ ಉಳಿದ ಲೈಬ್ರರಿಗಳು ಹಾಗೆ ಕಟ್ಟಿದವಲ್ಲ. ಒಬ್ಬ ಚೀಲವನ್ನು ಜಗಲಿಯಲ್ಲಿ ಇಟ್ಟು ಹೋಗುತ್ತಾನೆ, ಇನ್ನೊಬ್ಬ ಅಡುಗೆಮನೆಯಲ್ಲಿ ಹುಡುಕುತ್ತಾನೆ. ಅಷ್ಟೇ ಅಲ್ಲ, ಇರಬೇಕಾದ ಒಂದು ಆಯ್ಕೆ ಕಾಣೆಯಾಗಿತ್ತು. ಒಂದೇ ಮೆಮೊರಿ ಜಾಗವನ್ನು ಬೇರೆ ಬೇರೆ ಟೈಪಿನ ಪಾಯಿಂಟರ್‌ಗಳು (ಮೆಮೊರಿ ಜಾಗದ ವಿಳಾಸಗಳು) ನೋಡುವುದಿಲ್ಲ ಅಂತ ನಂಬಿಕೊಂಡು ಕಂಪೈಲರ್ ಕೋಡನ್ನು ಚುರುಕು ಮಾಡುತ್ತದೆ. ಇದಕ್ಕೆ 'ಸ್ಟ್ರಿಕ್ಟ್ ಅಲಿಯಾಸಿಂಗ್' ಅಂತ ಹೆಸರು. ಪರ್ಲ್ ಒಳಗೆ ಅಂಥ ನೋಟಗಳು ಧಾರಾಳ. ಅದಕ್ಕೇ ಪರ್ಲ್ ಕಟ್ಟುವಾಗ ಆ ನಂಬಿಕೆ ಬೇಡ ಅಂತ ಹೇಳಲೇಬೇಕು. ಇಲ್ಲಿ ಹೇಳಿರಲಿಲ್ಲ.

ಕಾನ್ಫಿಗರ್ ಸ್ಕ್ರಿಪ್ಟಿನಲ್ಲಿ ಹುಡುಕಿದರೆ ಕಾರಣ ಸಿಕ್ಕಿತು. ಜಿಸಿಸಿ ಕಂಪೈಲರಿನ ಆವೃತ್ತಿ ನೋಡುವ ಕಡೆ ಶೆಲ್ ಮಾದರಿ ಒಂದಿದೆ: '1', ಅದರ ಮುಂದೆ ನಕ್ಷತ್ರ. ಅಂದರೆ ಒಂದರಿಂದ ಶುರುವಾಗುವ ಏನಿದ್ದರೂ ಸರಿ. ಬರೆದ ಕಾಲಕ್ಕೆ ಅದು ಜಿಸಿಸಿ 1 ಅಂತಲೇ ಅರ್ಥ. ಮೊದಲ ಜಿಸಿಸಿ ಬಂದದ್ದೂ ಮೊದಲ ಪರ್ಲ್ ಬಂದದ್ದೂ ಒಂದೇ ವರ್ಷ, 1987. 2020ರಲ್ಲಿ ಜಿಸಿಸಿ 10 ಬಂತು. ಅದೂ ಒಂದರಿಂದಲೇ ಶುರು! ಸ್ಲ್ಯಾಕ್‌ವೇರ್ 15.0ರಲ್ಲಿರುವುದು ಜಿಸಿಸಿ 11.2. ನಮ್ಮ 5.24 ಅದನ್ನು 1980ರ ದಶಕದ ಕಂಪೈಲರ್ ಅಂದುಕೊಂಡು, ಆ ಕಾಲದ ಆಯ್ಕೆ ಹಾಕಿ, ಈ ಕಾಲದ್ದನ್ನು ಬಿಟ್ಟಿತ್ತು. ಪರಿಹಾರ ಒಂದು ಚುಕ್ಕಿ. '1' ಮತ್ತು ನಕ್ಷತ್ರದ ನಡುವೆ ಚುಕ್ಕಿ ಇಟ್ಟರೆ 1.37 ಒಳಗೆ ಬರುತ್ತದೆ, 11.2 ಬರುವುದಿಲ್ಲ. ಪರ್ಲ್‌ನವರು ಮುಂದಿನ ಆವೃತ್ತಿಗಳಲ್ಲಿ ಮಾಡಿದ್ದೂ ಇದನ್ನೇ. ಆ ಮಾದರಿ ಒಂದಕ್ಕಿಂತ ಜಾಸ್ತಿ ಕಡೆ ಇದೆ, ಎಲ್ಲ ಹುಡುಕಿ ತಿದ್ದಬೇಕು. ಪರ್ಲ್‌ಬ್ರೂ ಅನ್ನುವ ಉಪಕರಣ ಹಳೆಯ ಪರ್ಲ್‌ಗಳಿಗೆ ಇಂಥ ಗೊತ್ತಿರುವ ಪ್ಯಾಚ್‌ಗಳನ್ನು ಹಾಕಿಯೇ ಕಂಪೈಲ್ ಮಾಡುತ್ತದೆ. ನೀವು ನನ್ನ ಹಾಗೆ ಕೈಯಲ್ಲಿ ಹೆಣಗಬೇಡಿ, ಅದನ್ನೇ ಬಳಸಿ.

ನನಗೆ ಬರದ ಸೋಲುಗಳೂ ಕೆಲವಿವೆ. ರೂಟ್ ಆಗಿ, ಅಂದರೆ ಯಂತ್ರದ ಎಲ್ಲ ಅಧಿಕಾರ ಇರುವ ಬಳಕೆದಾರರಾಗಿ, ಟೆಸ್ಟ್ ಓಡಿಸುವವರಿದ್ದಾರೆ. ಫೈಲಿಗೆ ಎಲ್ಲ ಅನುಮತಿ ಕಿತ್ತುಹಾಕಿ, ಈಗ ಓದಲು ಆಗಬಾರದು ಅಂತ ಟೆಸ್ಟ್ ನೋಡುತ್ತದೆ. ರೂಟ್‌ಗೆ ಯಾವ ಬೀಗ? ಓದಿಬಿಡುತ್ತದೆ, ಟೆಸ್ಟ್ ಸೋಲುತ್ತದೆ. ಸಾದಾ ಬಳಕೆದಾರರಾಗಿ ಓಡಿಸಿ. ಹೋಸ್ಟ್ಸ್ ಫೈಲಿನಲ್ಲಿ ಲೋಕಲ್‌ಹೋಸ್ಟ್ ಸಾಲು ಇಲ್ಲದಿದ್ದರೆ ಸಾಕೆಟ್ ಟೆಸ್ಟ್‌ಗಳು ಸೋಲುತ್ತವೆ. ಡಿಸ್ಕ್ ತುಂಬಿದ್ದರೆ ಏನು ಬೇಕಾದರೂ ಸೋಲುತ್ತದೆ.

ಡೆಸ್ಕ್‌ಟಾಪನ್ನು ಕನ್ನಡದಲ್ಲಿ ಇಟ್ಟುಕೊಂಡವರು ಇನ್ನೊಂದು ನೋಡಬೇಕು. ಲೊಕೇಲ್ (ಭಾಷೆ, ಪ್ರದೇಶದ ಆಯ್ಕೆ) ಕನ್ನಡ ಆಗಿದ್ದರೆ ತಿಂಗಳ ಹೆಸರು ಕೇಳಿದ ಪ್ರೋಗ್ರಾಮಿಗೆ 'ಜನವರಿ' ಅಂತ ಕನ್ನಡ ಲಿಪಿಯಲ್ಲಿ ಉತ್ತರ ಬರಬಹುದು. ನಮಗೆ ಖುಷಿ, ಇಂಗ್ಲಿಷ್ ಕಾಯುತ್ತಿರುವ ಟೆಸ್ಟಿಗೆ ಸೋಲು. ಎಲ್‌ಸಿ ಆಲ್ ಅನ್ನುವ ವೇರಿಯೇಬಲ್ಲಿಗೆ 'ಸಿ' ಅಂತ ಕೊಟ್ಟು ಒಮ್ಮೆ ಓಡಿಸಿ. ಆಗ ಪಾಸಾದರೆ ಪರ್ಲ್ ಸರಿಯಿದೆ.

ಪೈಥಾನ್ ಅನ್ನುವ ಇನ್ನೊಂದು ಭಾಷೆಯನ್ನು ಕಂಪೈಲ್ ಮಾಡುವವರಿಗೆ ಇದಕ್ಕೆ ತಿರುವುಮುರುವಾದ ಕಾಟ. ಅಲ್ಲಿ ಸೋಲಿಗಿಂತ 'ಸ್ಕಿಪ್ಡ್' ಅನ್ನುವ ಪದ ನನಗೆ ಜಾಸ್ತಿ ಭಯ. ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ್ದು) ಅಥವಾ ಝೆಡ್‌ಲಿಬ್ (ಫೈಲ್ ಕುಗ್ಗಿಸುವುದು) ಲೈಬ್ರರಿಯ ಹೆಡರ್ ಫೈಲುಗಳು ಯಂತ್ರದಲ್ಲಿ ಇಲ್ಲದಿದ್ದರೆ ಪೈಥಾನ್ ಆ ಮಾಡ್ಯೂಲ್‌ಗಳನ್ನು ಕಟ್ಟದೆಯೇ ಮುಂದೆ ಹೋಗುತ್ತದೆ. 'ಮೇಕ್' ಮುಗಿಯುವಾಗ ಇಂತಿಂಥವು ಸಿಗಲಿಲ್ಲ ಅಂತ ಎರಡು ಸಾಲು ಹೇಳುತ್ತದೆ, ಅದು ಕ್ಷಣದಲ್ಲಿ ಮೇಲೆ ಸರಿದುಹೋಗುತ್ತದೆ. ಅವುಗಳ ಟೆಸ್ಟ್ ಸೋಲುವುದಿಲ್ಲ, ಬಿಟ್ಟುಹೋಗುತ್ತವೆ. ನೀವು ಖುಷಿಯಾಗಿ ಇನ್‌ಸ್ಟಾಲ್ ಮಾಡುತ್ತೀರಿ. ವಾರದ ಮೇಲೆ ಪೈಥಾನ್ ಪ್ಯಾಕೇಜ್ ತರುವ 'ಪಿಪ್' ಕೊಟ್ಟಾಗ ಎಸ್‌ಎಸ್‌ಎಲ್ ಇಲ್ಲ ಅನ್ನುತ್ತದೆ. ಅದಕ್ಕೇ 'ಮೇಕ್' ಹೇಳಿದ್ದನ್ನೆಲ್ಲ ಒಂದು ಫೈಲಿಗೆ ಬರೆದಿಟ್ಟುಕೊಳ್ಳುವುದು ಒಳ್ಳೇದು. ಪೈಥಾನ್‌ನಲ್ಲೂ ಸೋತದ್ದೊಂದನ್ನೇ ಮೈನಸ್ ವಿ ಹಾಕಿ ಓಡಿಸಬಹುದು.

ಚುಕ್ಕಿ ಇಟ್ಟು, ಆಪ್ಟಿಮೈಸೇಶನ್ ವಾಪಸ್ ಹಾಕಿ, ಮೊದಲಿನಿಂದ ಕಟ್ಟಿದೆ. 139 ಮಾಯ. ಟೈಮ್ ಹೈರೆಸ್ ಪಾಸ್. ಇನ್‌ಸ್ಟಾಲ್ ಮಾಡುವಾಗ ಸಿಸ್ಟಮ್ಮಿನ ಪರ್ಲ್ ಮೇಲೆ ಕೂರಿಸಲಿಲ್ಲ, ಅದನ್ನು ನಂಬಿಕೊಂಡ ಬೇರೆ ಪ್ರೋಗ್ರಾಮ್‌ಗಳಿರುತ್ತವೆ. 'ಆಪ್ಟ್' ಅಡಿಯಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿಟ್ಟೆ, ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಅದರ ದಾರಿ ಬರೆದೆ. ಅಣ್ಣನ ಹಳೆಯ ಫೈಲುಗಳು ತಿರುಗತೊಡಗಿದವು. ಮದರ್‌ಬೋರ್ಡಿಗೆ ಹೊಸ ನಾಣ್ಯದ ಬ್ಯಾಟರಿ ಹಾಕಿದೆ.

ಟೈಮ್ ಲೋಕಲ್‌ನ ಟೆಸ್ಟ್ ಆ ಯಂತ್ರದಲ್ಲಿ ಈಗಲೂ ಸೋಲುತ್ತದೆ. ತಿದ್ದಲು ಹೋಗಲಿಲ್ಲ, ಯಾಕೆ ಸೋಲುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಹಿಂದೆ ಅಂಟಿಸಿದ್ದೇನೆ. ಅದೇ ಟೆಸ್ಟಿನ ಪಟ್ಟಿಯಲ್ಲಿ 1980 ಕೂಡ ಇದೆ. 2030 ಬಂದಾಗ ಅದೂ ಸೋಲುತ್ತದೆ, ಅದನ್ನೂ ಚೀಟಿಯಲ್ಲಿ ಸೇರಿಸಿದ್ದೇನೆ.